ನೊಂದವರಿಗೆ ಮನೆಯ ಶುಶ್ರೂಷೆ

ನವಲಗುಂದ, ಅಣ್ಣಿಗೇರಿ ಕಡೆಯ ಎರಿಹೊಲಗಳಲ್ಲಿ ದಿನವಿಡೀ ಬಾಗಿ ಕಳೆ ತೆಗೆದು ಹತ್ತಿ ಬಿಡಿಸಿದ ತಾಯಂದಿರು ರಾತ್ರಿ ನಡುನೋವಿನಿಂದ ನರಳುವುದು ನಮಗೆಲ್ಲ ಪರಿಚಿತ. ಅಂಗಡಿಯ ಗುಳಿಗೆಯೇ ಮೊದಲ ಉಪಾಯವಾಗಿದೆ. ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಅಂಥ ಹಲವು ಗುಳಿಗೆಗಳು ಜಠರ, ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು.

ಉಪ್ಪನ್ನು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಕಾವು ಕೊಡುವ ಅಜ್ಜಿಯ ಪದ್ಧತಿಯನ್ನು ಹೀಗಳೆಯಬೇಕಾಗಿಲ್ಲ. ಹದವಾದ ಶಾಖವು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಆದರೆ ಕಾಲು ಉಳುಕಿ ಬಾತಿದ್ದರೆ ಮೊದಲ ಎರಡು ದಿನ ತಣ್ಣೀರ ಪಟ್ಟಿಯೇ ಹಿತ, ತಿಕ್ಕುವುದೂ ಬೇಡ. ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಕಾವು ಸಲ್ಲದು. ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟರೂ ತಿಳಿಯುವುದಿಲ್ಲ.

ನೊಂದಲ್ಲಿ ಸವರಿದರೆ ಹಿತವೆನಿಸುವುದೇಕೆ? ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಡಿದ್ದು, ಸ್ಪರ್ಶದ ಸುದ್ದಿ ಬಂದಾಗ ನೋವಿನ ಸುದ್ದಿಗೆ ಅದು ಅಷ್ಟು ಮುಚ್ಚುತ್ತದೆಂದು ಮೆಲ್ಝ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ವಿವರಗಳು ಮುಂದೆ ತಿದ್ದುಪಡಿಯಾದರೂ ತಿರುಳು ಉಳಿದಿದೆ. ಭಯ, ಒಂಟಿತನಗಳು ನೋವನ್ನು ಹೆಚ್ಚಿಸುವುದೂ ನಿಜ.

ಕ್ಯಾನ್ಸರಿನಿಂದ ಹಾಸಿಗೆ ಹಿಡಿದವರಿಗೆ ವೈದ್ಯರು ಬರೆದ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಲೇಬೇಕು. ಕೈಸೇವೆ ಅದರ ಬದಲಿಗಲ್ಲ, ಅದರ ಜೊತೆಗೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ, ಮೊಣಕಾಲುಗಳ ನಡುವೆ ದಿಂಬಿಡಿರಿ. ಅವರು ಬಯಸಿದರೆ ಇಷ್ಟಲಿಂಗವನ್ನು ಅಂಗೈಗಿಟ್ಟು, ನಿಧಾನವಾಗಿ ಉಸಿರಾಡಲು ಹೇಳಿ, ಮೆಚ್ಚಿನ ವಚನವನ್ನು ಮೆಲ್ಲನೆ ಹಾಡಿರಿ. ‘ಹಣೆಬರಹ, ಸಹಿಸಿಕೋ’ ಎಂದು ಒಳಕೋಣೆಯಲ್ಲಿ ಬಿಟ್ಟು ಬರುವುದು ಶರಣರ ಮನೆಗೆ ಒಪ್ಪುವ ನಡತೆಯಲ್ಲ.

ನಡುನೋವಿನೊಡನೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ, ಕಾವಿನ ಗಂಟನ್ನು ಬದಿಗಿಟ್ಟು ಆ ದಿನವೇ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.