ಬೆಂಕಿಬಿದ್ದ ಬ್ಯಾಟರಿಯೂ ಕೊಂಡವನ ಹಕ್ಕೂ

೧೯೦೫ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದಂದಿನಿಂದ ಹೊಸ ಶಕ್ತಿಯನ್ನು ಸ್ವಾಗತಿಸುವುದರಲ್ಲಿ ನಮ್ಮ ನಗರವು ಹಿಂದೆ ಬಿದ್ದುದಿಲ್ಲ. ೨೦೦೧ರಲ್ಲಿ ರೇವಾ ಎಂಬ ವಿದ್ಯುತ್ ಕಾರು ಇಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದಿತು. ೨೦೧೭ರಲ್ಲಿ ವಿದ್ಯುದ್ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಸಾರಿದ ಮೊದಲ ರಾಜ್ಯವೆಂಬ ಕೀರ್ತಿಯೂ ಕರ್ಣಾಟಕಕ್ಕೆ ಸಂದಿತು. ಇದೆಲ್ಲವೂ ಹೆಮ್ಮೆಯ ಸಂಗತಿಯೇ. ಆದರೆ ಸ್ವದೇಶೀ ಎಂಬ ಮುದ್ರೆಯು ಸರಕಿನ ದೋಷವನ್ನು ಮುಚ್ಚುವ ಮುಸುಕಾಗಬಾರದು. ಮಾರಿದವನು ಸ್ವದೇಶದವನಾದರೆ ಕೊಂಡವನೂ ಸ್ವದೇಶದವನೇ ಅಲ್ಲವೆ?

೨೦೨೨ರ ಮಾರ್ಚಿ ತಿಂಗಳ ಕೊನೆಯಲ್ಲಿ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನಿಂದೆದ್ದ ಹೊಗೆಗೆ ತಂದೆಯೂ ಮಗಳೂ ಬಲಿಯಾದರು. ಮರುತಿಂಗಳೇ ಓಕಿನಾವಾದವರು ೩,೨೧೫, ಪ್ಯೂರ್ ಇವಿಯವರು ೨,೦೦೦, ನಮ್ಮ ಬೆಂಗಳೂರಿನವರೇ ಆದ ಓಲಾದವರು ೧,೪೪೧ ಸ್ಕೂಟರುಗಳನ್ನು ಪರೀಕ್ಷೆಗಾಗಿ ಹಿಂದಕ್ಕೆ ಕರೆಸಿದರು. ಅದಕ್ಕೂ ಮೊದಲು, ೨೦೨೦ರ ಡಿಸೆಂಬರಿನಲ್ಲಿ, ಹ್ಯುಂಡೈ ಕಂಪೆನಿಯವರು ಭಾರತದಲ್ಲಿ ಮಾರಿದ್ದ ೪೫೬ ಕೋನಾ ಕಾರುಗಳನ್ನು ಬ್ಯಾಟರಿ ತಪಾಸಣೆಗೆಂದು ಕರೆಸಿಕೊಂಡಿದ್ದರು. ೨೦೨೪ರ ನವೆಂಬರ್ ೧೯ರಂದು ಮಲ್ಲೇಶ್ವರಕ್ಕೆ ಅನತಿದೂರದ ರಾಜಾಜಿನಗರದಲ್ಲಿ ವಿದ್ಯುತ್ ಸ್ಕೂಟರುಗಳ ಮಳಿಗೆಯೊಂದು ಹೊತ್ತಿ ಉರಿದು, ಅಲ್ಲಿ ಕೆಲಸದಲ್ಲಿದ್ದ ತರುಣಿಯೊಬ್ಬಳು ಅಸುನೀಗಿದಳು.

ಅಮೆರಿಕಾ ದೇಶದಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯವರು ಬೋಲ್ಟ್ ಕಾರುಗಳಿಗೆ ಇಂತಹುದೇ ಭಯವುಂಟಾದಾಗ, ೨೦೨೧ರಲ್ಲಿ, ಆ ಜಾತಿಯ ಕಾರುಗಳನ್ನೆಲ್ಲ ಹಿಂಪಡೆಯುವುದಾಗಿ ಸಾರಿ, ಅಲ್ಲಿಯವರೆಗೆ ಇತರ ಕಾರುಗಳಿಂದ ಐವತ್ತು ಅಡಿ ದೂರದಲ್ಲಿ ನಿಲ್ಲಿಸಿರೆಂದು ಒಡೆಯರಿಗೆ ಹೇಳಿದರು. ಚಾಮರಾಜಪೇಟೆಯಲ್ಲಿ ಐವತ್ತು ಅಡಿ ಬಯಲನ್ನು ಎಲ್ಲಿಂದ ತರೋಣ? ೧೮೯೮ರ ಪ್ಲೇಗು ಮಾರಿಯ ತರುವಾಯ ಗಾಳಿ ಬೆಳಕಿನ ಅನುಕೂಲವನ್ನರಿತು ನಿರ್ಮಿಸಿದ ಬಸವನಗುಡಿ ಮಲ್ಲೇಶ್ವರಗಳಲ್ಲಿಯೂ ಇಂದು ಹಳೆಯ ಮನೆಗಳ ಅಂಗಳದಲ್ಲಿ ಮಹಡಿಯ ಮೇಲೆ ಮಹಡಿ ಎದ್ದು, ನೆಲಮಾಳಿಗೆಯಲ್ಲಿ ವಾಹನಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಮೆಟ್ಟಲ ಕೆಳಗೆ ಚಾರ್ಜಿಗೆ ಹಾಕಿದ ಸ್ಕೂಟರು ಹೊತ್ತಿಕೊಂಡರೆ ಮೇಲಿನವರಿಗೆ ಇಳಿಯುವ ದಾರಿಯೇ ಇರದು.

ಕಾನೂನಿಲ್ಲವೆಂದು ಹೇಳುವಂತಿಲ್ಲ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ ೧೧೦-ಎ ಪ್ರಕರಣವು, ದೋಷಯುಕ್ತ ವಾಹನಗಳನ್ನು ಹಿಂಪಡೆಯುವಂತೆ ತಯಾರಕನಿಗೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರಸರ್ಕಾರಕ್ಕೆ ಕೊಟ್ಟಿದೆ. ಆಗ ತಯಾರಕನು ಪೂರ್ತಿ ಬೆಲೆಯನ್ನು ಹಿಂದಿರುಗಿಸಬೇಕು, ಇಲ್ಲವೆ ಬೇರೆ ವಾಹನವನ್ನು ಕೊಡಬೇಕು, ಇಲ್ಲವೆ ರಿಪೇರಿ ಮಾಡಿಕೊಡಬೇಕು, ದಂಡವನ್ನೂ ತೆರಬೇಕು. ಆದರೆ ೨೦೨೨ರ ಆ ಮೂರು ಹಿಂಪಡೆಗಳೂ ಕಂಪೆನಿಗಳು ತಾವಾಗಿಯೇ ಮಾಡಿದುವು. ತಾನಾಗಿ ಹಿಂಪಡೆದವನಿಗೆ ಕಾಯಿದೆಯಂತೆ ದಂಡವಿಲ್ಲ. ಎಷ್ಟು ಗಾಡಿಗಳು, ಯಾವ ಪರೀಕ್ಷೆ ಎಂಬುದೂ ಅವನ ಚಿತ್ತಕ್ಕೆ ಬಿಟ್ಟಂತಾಯಿತು. ಒಡೆಯರಲ್ಲಿ ಇಂತಿಷ್ಟು ಮಂದಿ ದೂರಿತ್ತಾಗ ಎಂಬ ನಿಯಮವೊಂದಿರುವುದು ನಿಜ. ಆದರೆ ಪರೀಕ್ಷಾಸಂಸ್ಥೆಯ ಅಥವಾ ಬೇರಾವ ಮೂಲದ ವರದಿಯೂ ಸಾಕೆಂದು ಅದೇ ಪ್ರಕರಣವು ಹೇಳುತ್ತದೆ. ಕೀಲು ಕಿರಿಗುಟ್ಟುವ ಬಾಗಿಲಿಗೆ ದೂರುಗಳನ್ನೆಣಿಸಬಹುದು, ಬೆಂಕಿಗೆ ಎಣಿಸುತ್ತ ಕೂರುವುದು ಯಾವ ನ್ಯಾಯ?

ಸರ್ಕಾರದವರು ಸುಮ್ಮನಿದ್ದರೂ ಕೊಂಡವನು ಸುಮ್ಮನಿರಬೇಕಾದುದಿಲ್ಲ. ೨೦೨೦ರ ಜುಲೈಯಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ಸರಕಿನ ದೋಷದಿಂದಾದ ಹಾನಿಗೆ ತಯಾರಕನೂ, ಸಂದರ್ಭಾನುಸಾರ ಮಾರಿದವನೂ ಹೊಣೆಗಾರರು. ತಯಾರಿಕೆಯಲ್ಲಿ ದೋಷವಿತ್ತೆಂದು ತೋರಿಸಿದರೆ ಸಾಕು, ಅದು ಅವನ ಅಲಕ್ಷ್ಯದಿಂದಾಯಿತೆಂದು ಬೇರೆ ಸಿದ್ಧಪಡಿಸಬೇಕಾಗಿಲ್ಲ. ಕೊಟ್ಟ ಬೆಲೆ ಐವತ್ತು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ತಾನು ವಾಸವಾಗಿರುವ ಊರಿನಲ್ಲಿಯೇ, ಎರಡು ವರ್ಷಗಳೊಳಗೆ ದೂರು ಹೂಡಬಹುದು. ಐದು ಲಕ್ಷದವರೆಗಿನ ಬೆಲೆಗೆ ಶುಲ್ಕವೇ ಇಲ್ಲ. ಸ್ಕೂಟರು ಕೊಂಡವರೆಲ್ಲ ಬಹುಮಟ್ಟಿಗೆ ಈ ವರ್ಗದವರೇ. ಒಂದೇ ಬಗೆಯ ಗಾಡಿಯನ್ನು ಕೊಂಡ ಹಲವರು ಆಯೋಗದ ಅನುಮತಿಯಿಂದ ಒಟ್ಟಾಗಿ ಒಂದೇ ದೂರನ್ನು ಕೊಡಲೂ ಅವಕಾಶವುಂಟು. ಬೋಲ್ಟ್ ಕಾರಿನ ಒಡೆಯರು ಹೀಗೆ ಒಗ್ಗೂಡಿ ವ್ಯಾಜ್ಯ ಹೂಡಿದುದರಿಂದಲೇ ೨೦೨೪ರಲ್ಲಿ ಹದಿನೈದು ಕೋಟಿ ಡಾಲರುಗಳ ರಾಜಿಯಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ತೊಡಕಿರುವುದು ರುಜುವಾತಿನಲ್ಲಿ. ಒಡೆಯನು ಗಾಡಿಯನ್ನು ತಪ್ಪಾಗಿ ಬಳಸಿದನು, ಬೇರೆ ಚಾರ್ಜರು ಹಾಕಿದನು, ಮಾರ್ಪಡಿಸಿದನು ಎಂಬುದು ತಯಾರಕನಿಗೆ ಕಾಯಿದೆಯೇ ಒದಗಿಸಿರುವ ರಕ್ಷೆ. ಸುಟ್ಟ ಗಾಡಿಯನ್ನು ಪರಿಶೀಲನೆಗೆಂದು ಕಂಪೆನಿಯವರಿಗೆ ಒಪ್ಪಿಸಿದ ಮೇಲೆ ಇದಕ್ಕೆ ಉತ್ತರ ಕೊಡುವ ಸಾಕ್ಷ್ಯ ಒಡೆಯನಲ್ಲಿ ಏನು ಉಳಿದೀತು? ಆದಕಾರಣ ಅಗ್ನಿಶಾಮಕ ಇಲಾಖೆಯವರ ವರದಿ, ಪೋಲೀಸರಲ್ಲಿ ಕೊಟ್ಟ ದೂರು, ನಿಂತ ಸ್ಥಳದ ಛಾಯಾಚಿತ್ರಗಳು, ಕಂಪೆನಿಯೊಡನೆ ನಡೆದ ಪತ್ರವ್ಯವಹಾರ, ಇವು ಕೈಸೇರುವವರೆಗೆ ಗಾಡಿಯನ್ನು ಬಿಟ್ಟುಕೊಡದಿರುವುದು ಲೇಸು. ಕೊಡಲೇಬೇಕಾದರೆ ಬರೆಹದಲ್ಲಿ ರಸೀತಿ ಪಡೆಯತಕ್ಕದ್ದು.

ದೋಷವನ್ನು ತಿಳಿಯಲು ಬ್ಯಾಟರಿಯನ್ನು ತಕ್ಕ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಖರ್ಚನ್ನು ಮಾತ್ರ ಮೊದಲು ದೂರುದಾರನೇ ಕಟ್ಟಬೇಕು. ತಿಂಗಳ ಸಂಬಳದಲ್ಲಿ ಕಂತು ತೀರಿಸುತ್ತಿರುವ ಗುಮಾಸ್ತೆಯು ಇಲ್ಲಿಯೇ ಕೈಚೆಲ್ಲುತ್ತಾನೆ. ಮಲ್ಲೇಶ್ವರದ ಮಗ್ಗುಲಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ಸಮೀಪದಲ್ಲಿಯೇ ಕೇಂದ್ರ ವಿದ್ಯುಚ್ಛಕ್ತಿ ಸಂಶೋಧನಾ ಸಂಸ್ಥೆಯಿದೆ. ೨೦೨೨ರ ಬೆಂಕಿಗಳನ್ನು ವಿಚಾರಿಸಲು ಕೇಂದ್ರಸರ್ಕಾರದವರು ನೇಮಿಸಿದ ತಜ್ಞರ ಮಂಡಲಿಯಲ್ಲಿ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇದ್ದರು. ದೇಶದ ಸರ್ಕಾರಕ್ಕೆ ಬುದ್ಧಿ ಹೇಳಬಲ್ಲ ವಿದ್ಯೆಯು ನೆರೆಯ ಬೀದಿಯ ಗುಮಾಸ್ತೆಗೆ ಏಕೆ ಎಟುಕಬಾರದು? ಈ ಎರಡು ಸಂಸ್ಥೆಗಳೊಡನೆ ಮಾತನಾಡಿ, ಗ್ರಾಹಕ ವ್ಯಾಜ್ಯಗಳಲ್ಲಿ ಬ್ಯಾಟರಿಯ ಪರೀಕ್ಷೆಗೆ ಇಲ್ಲಿಯೇ ಪ್ರಯೋಗಾಲಯವೊಂದನ್ನು ಗೊತ್ತುಮಾಡಿ, ಅದರ ಖರ್ಚನ್ನು ರಾಜ್ಯಸರ್ಕಾರದವರು ಮುಂಗಡವಾಗಿ ಕೊಟ್ಟು, ಸೋತ ತಯಾರಕನಿಂದ ವಸೂಲು ಮಾಡತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ. ಪ್ರಯೋಗಾಲಯಕ್ಕೆ ಮಾನ್ಯತೆ ಕೊಡಲು ಹೊಸ ಶಾಸನವೇನೂ ಬೇಕಿಲ್ಲ. ಕೇಂದ್ರದವರ ಸೂಚನೆಗಳಿಗೊಳಪಟ್ಟ ಆ ಅಧಿಕಾರವು ಈಗಿರುವ ಕಾಯಿದೆಯಲ್ಲಿಯೇ ರಾಜ್ಯಸರ್ಕಾರದವರಿಗೆ ದತ್ತವಾಗಿದೆ.