ಹವಾಯಿ ದ್ವೀಪಗಳ ಅನ್ನದ ಪ್ರಶ್ನೆ

ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಬಡಿಸುವ ಆಹಾರದ ನೂರಕ್ಕೆ 30 ಪಾಲಾದರೂ 2030ರೊಳಗೆ ನಾಡಿನ ನೆಲದಿಂದಲೇ ಬರತಕ್ಕದ್ದೆಂದು ಹವಾಯಿ ರಾಜ್ಯದ ಶಾಸನಸಭೆಯು 2021ರಲ್ಲಿ ಗುರಿಯೊಂದನ್ನು ಗೊತ್ತುಪಡಿಸಿತು. ಆ ಗಡುವು ಈಗ ಸಮೀಪಿಸುತ್ತಿದೆ. ಮೇಲುನೋಟಕ್ಕೆ ಇದು ಶಾಲೆಗಳಿಗೆ ಮಾತ್ರ ಸಂಬಂಧಿಸಿದ ಸಣ್ಣ ವಿಷಯ. ಆದರೆ ಇದರ ಹಿಂದೆ ಒಂದು ನಾಡು ತನ್ನ ಅನ್ನವನ್ನು ಕಳೆದುಕೊಂಡ ಕಥೆಯೂ, ಅದನ್ನು ಮರಳಿ ಗಳಿಸುವ ಪ್ರಯತ್ನವೂ ಅಡಗಿವೆ.

ಪೆಸಿಫಿಕ್ ಮಹಾಸಾಗರದ ನಟ್ಟನಡುವೆ, ಕ್ಯಾಲಿಫೋರ್ನಿಯಾ ತೀರದಿಂದ ಸುಮಾರು 3,800 ಕಿಲೋಮೀಟರು ದೂರದಲ್ಲಿರುವ ಈ ದ್ವೀಪಗಳಲ್ಲಿ ಸುಮಾರು 14 ಲಕ್ಷ ಜನರಿದ್ದಾರೆ. ವರ್ಷವಿಡೀ ಬೆಳೆ ತೆಗೆಯಲು ಅನುಕೂಲವಾದ ಹವೆ, ಜ್ವಾಲಾಮುಖಿಯ ಫಲವತ್ತಾದ ಮಣ್ಣು, ಬೆಟ್ಟದಿಂದಿಳಿವ ತೊರೆಗಳು, ಸುತ್ತಲೂ ಕಡಲು—ಇಷ್ಟಿದ್ದೂ ಅಲ್ಲಿಯವರು ಉಣ್ಣುವುದರಲ್ಲಿ ನೂರಕ್ಕೆ 85ರಿಂದ 90 ಪಾಲು ಹೊರಗಿನಿಂದ ಬರುತ್ತದೆಂದು ಅಂದಾಜು. ಹಡಗು ಬಾರದಿದ್ದರೆ ಏನಾಗುವುದೆಂಬುದು ಅವರಿಗೆ ಅನುಭವಸಿದ್ಧ. 1949ರಲ್ಲಿ ಬಂದರು ಕಾರ್ಮಿಕರ ಮುಷ್ಕರವು ಸುಮಾರು ಆರು ತಿಂಗಳು ನಡೆದಾಗ ದ್ವೀಪಗಳ ವ್ಯಾಪಾರವೆಲ್ಲ ತತ್ತರಿಸಿತು.

ಈ ಪರಾವಲಂಬನೆಯು ನಿಸರ್ಗದತ್ತವಾದುದಲ್ಲ. 1778ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿಗೆ ಬಂದಾಗ ಲಕ್ಷಾಂತರ ಜನರು ಹೊರಗಿನ ಕಾಳೊಂದನ್ನೂ ಬೇಡದೆ ಬಾಳುತ್ತಿದ್ದರು. ಬೆಟ್ಟದ ನೆತ್ತಿಯಿಂದ ಕಡಲಂಚಿನವರೆಗಿನ ಒಂದೊಂದು ಪಟ್ಟಿಯೂ ಒಂದೊಂದು ಸಮುದಾಯದ ಜೀವನಾಧಾರವಾಗಿತ್ತು. ತೊರೆಯ ನೀರನ್ನು ಗದ್ದೆಗೆ ತಿರುಗಿಸಿ ಅವರು ಬೆಳೆಯುತ್ತಿದ್ದ ಮುಖ್ಯ ಬೆಳೆ ಕೆಸು. ನಮ್ಮ ಕರಾವಳಿಯವರು ಯಾವುದರ ಎಲೆಯಿಂದ ಪತ್ರೊಡೆ ಮಾಡುವರೋ ಅದೇ ಕೆಸು. ಅವರು ಅದರ ಗೆಡ್ಡೆಯನ್ನು ಬೇಯಿಸಿ, ಅರೆದು, ಹಿಟ್ಟಿನಂತೆ ಮಾಡಿ ಉಣ್ಣುತ್ತಿದ್ದರು. ನಾವು ಜೀಗುಜ್ಜೆ ಎನ್ನುವ ದೀವಿಹಲಸು ಅವರ ಇನ್ನೊಂದು ಆಧಾರ. ಕಡಲಂಚಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಮರದ ಜಾಲರಿಯ ಬಾಗಿಲಿಡುತ್ತಿದ್ದರು. ಮರಿಮೀನುಗಳು ಒಳಗೆ ನುಸುಳಿ ಬರುತ್ತಿದ್ದವು. ಬೆಳೆದ ಮೇಲೆ ಹೊರಗೆ ಹೋಗಲಾರದೆ ಅಲ್ಲಿಯೇ ಉಳಿಯುತ್ತಿದ್ದವು.

1848ರ ಭೂವಿಭಜನೆಯು ಈ ವ್ಯವಸ್ಥೆಯ ಬೇರನ್ನೇ ಕಡಿಯಿತು. ಸಾಮಾನ್ಯ ರೈತನ ಪಾಲಿಗೆ ಒಟ್ಟು ಭೂಮಿಯಲ್ಲಿ ನೂರಕ್ಕೆ ಒಂದು ಪಾಲೂ ದಕ್ಕಲಿಲ್ಲ. ಕಬ್ಬಿನ ತೋಟಗಳು ಹಬ್ಬಿದವು. ದುಡಿಯಲು ಚೀನಾ, ಜಪಾನು, ಫಿಲಿಪೀನ್ಸ್‌ಗಳಿಂದ ಕೂಲಿಗಳನ್ನು ತರಿಸಲಾಯಿತು. ನೆಲದ ಹಿಂದೆ ನೀರೂ ಹೋಯಿತು. ಓಆಹು ದ್ವೀಪದ ಮಳೆಬೀಳುವ ಮಗ್ಗುಲಿನ ತೊರೆಗಳನ್ನು 1916ರ ಹೊತ್ತಿಗೆ ವೈಅಹೋಲೆ ಕಾಲುವೆಯ ಮೂಲಕ ಒಣ ಮಗ್ಗುಲಿನ ಕಬ್ಬಿಗೆ ಹರಿಸಿದರು. ಕೆಸುವಿನ ಗದ್ದೆಗಳು ಬತ್ತಿದವು. ಕಡೆಗೆ ಸಕ್ಕರೆಯೂ ನಿಲ್ಲಲಿಲ್ಲ. 2016ರ ಡಿಸೆಂಬರಿನಲ್ಲಿ ಮಾವಿ ದ್ವೀಪದಲ್ಲಿದ್ದ ಕೊನೆಯ ಸಕ್ಕರೆ ಕಾರ್ಖಾನೆಯು ಮುಚ್ಚಿತು. ಪರದೇಶದ ಪೇಟೆಗಾಗಿ ಊಟದ ಬೆಳೆಯನ್ನು ಬಿಟ್ಟ ನಾಡಿಗೆ ಕಟ್ಟಕಡೆಗೆ ಆ ಪೇಟೆಯೂ ಉಳಿಯಲಿಲ್ಲ.

ಹೀಗಿರಲು, ಪುನರುದ್ಧಾರದ ಕಾರ್ಯವು ಸರಕಾರಕ್ಕಿಂತ ಮೊದಲು ಜನರಿಂದಲೇ ಆರಂಭವಾದುದು ಗಮನಾರ್ಹ. ಓಆಹುವಿನ ಹೇಇಯಾ ಎಂಬಲ್ಲಿ 88 ಎಕರೆಯ ಪುರಾತನ ಮೀನುಗೊಳದ ಕಟ್ಟೆಯು 1965ರ ನೆರೆಯಲ್ಲಿ ಒಡೆದು ಹಾಳುಬಿದ್ದಿತ್ತು. 2001ರಲ್ಲಿ ಸ್ಥಾಪಿತವಾದ ಸ್ಥಳೀಯ ಸಂಘವೊಂದು ಶಾಲಾಮಕ್ಕಳನ್ನೂ ಸ್ವಯಂಸೇವಕರನ್ನೂ ಸೇರಿಸಿಕೊಂಡು, ಕಲ್ಲು ಹೊತ್ತು, 2015ರಲ್ಲಿ ಆ ಒಡಕನ್ನು ಮುಚ್ಚಿತು. ವೈಆನೆಯ ತೋಟವೊಂದರಲ್ಲಿ ಬಡ ಕುಟುಂಬಗಳ ತರುಣರು ತರಕಾರಿ ಬೆಳೆಯುತ್ತಾರೆ. ಅದಕ್ಕೆ ಪ್ರತಿಯಾಗಿ ಅವರಿಗೆ ಕಾಲೇಜು ಶಿಕ್ಷಣಕ್ಕೆ ನೆರವು ದೊರೆಯುತ್ತದೆ. ವೈಅಹೋಲೆಯ ನೀರಿಗಾಗಿ ಹೋರಾಡಿದ ರೈತರ ಮೊಕದ್ದಮೆಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ, ನೀರು ಸಾರ್ವಜನಿಕರ ನಿಕ್ಷೇಪವೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ಆದರೆ ಬೆಳೆದರೆ ಸಾಲದು, ಕೊಳ್ಳುವವರೂ ಬೇಕು. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. 2019ರಲ್ಲಿ ಹವಾಯಿಗೆ ಬಂದ ಪ್ರವಾಸಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ಇಷ್ಟು ಜನರಿಗೆ ಉಣಬಡಿಸುವ ಅಡಿಗೆಮನೆಗಳು ಏನನ್ನು ಕೊಳ್ಳುತ್ತವೆ ಎಂಬುದರ ಮೇಲೆ ಬೆಳೆಗಾರನ ಭವಿಷ್ಯ ನಿಂತಿದೆ. ಹೋಟೆಲಿನ ವ್ಯವಹಾರ ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದಿನನಿತ್ಯ ಒಂದೇ ತೂಕ, ಒಂದೇ ಗುಣ, ಹೊತ್ತಿಗೆ ಸರಿಯಾದ ಸರಬರಾಜು ಇಲ್ಲದಿದ್ದರೆ ಎಂತಹ ದೇಶಾಭಿಮಾನಿ ಮಾಲೀಕನೂ ಹಡಗಿನ ಸರಕಿಗೇ ಕೈಯೊಡ್ಡುತ್ತಾನೆ. ಎರಡೆಕರೆಯ ರೈತ ಒಬ್ಬನೇ ಇದನ್ನು ಪೂರೈಸಲಾರ. ಆದಕಾರಣ 2016ರಲ್ಲಿ ದೀವಿಹಲಸಿನ ಬೆಳೆಗಾರರು ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. ಸಂಘವೇ ಕಾಯಿಗಳನ್ನು ಸಂಗ್ರಹಿಸಿ, ಹೆಚ್ಚಿ, ಬೇಯಿಸಿ, ಶೈತ್ಯೀಕರಿಸಿ ಶಾಲೆ-ಹೋಟೆಲುಗಳಿಗೆ ಒದಗಿಸುತ್ತದೆ.

ಬೆಲೆಯ ಪ್ರಶ್ನೆ ಇನ್ನೂ ಕಠಿಣ. ನಾಡಿನ ತರಕಾರಿ ಅನೇಕ ವೇಳೆ ಹಡಗಿನ ತರಕಾರಿಗಿಂತ ತುಟ್ಟಿ. 2018ರಲ್ಲಿ ಸುಮಾರು 2,700 ಹೋಟೆಲು ನೌಕರರು ಅಲ್ಲಿ 51 ದಿನ ಮುಷ್ಕರ ಹೂಡಿದರು; ಒಂದೇ ನೌಕರಿಯ ಸಂಬಳದಲ್ಲಿ ಬಾಳುವಂತಾಗಬೇಕೆಂಬುದೇ ಅವರ ಬೇಡಿಕೆ. ಎರಡು ಕಡೆ ದುಡಿದರೂ ಸಂಸಾರ ಸಾಗದವನಿಗೆ ಸ್ವದೇಶಿ ಕೊಳ್ಳೆಂದು ಬೋಧಿಸುವುದು ಕ್ರೂರ ವಿನೋದ. ಇದನ್ನರಿತು, ಸರಕಾರದ ಆಹಾರ ನೆರವು ಪಡೆಯುವ ಕುಟುಂಬಗಳು ನಾಡಿನ ಬೆಳೆ ಕೊಂಡರೆ ಅರ್ಧ ಬೆಲೆಯನ್ನು ಭರಿಸಿಕೊಡುವ ಯೋಜನೆಯೊಂದನ್ನು ಅಲ್ಲಿ ಜಾರಿಗೆ ತಂದರು. ರೈತನಿಗೆ ಪೂರ್ತಿ ಬೆಲೆ, ಬಡವನಿಗೆ ಅರ್ಧ ಬೆಲೆ: ಇದು ವಿವೇಕದ ಮಾರ್ಗ.

ಬರಿಯ ಘೋಷಣೆಯ ಗತಿಯೇನೆಂಬುದಕ್ಕೂ ಹವಾಯಿಯೇ ಸಾಕ್ಷಿ. ಆಹಾರೋತ್ಪಾದನೆಯನ್ನು 2020ರೊಳಗೆ ಇಮ್ಮಡಿಗೊಳಿಸುವೆವೆಂದು 2016ರಲ್ಲಿ ರಾಜ್ಯಪಾಲರು ಸಾರಿದರು. ಗಡುವನ್ನು ಆಮೇಲೆ ಮುಂದಕ್ಕೆ ಹಾಕಬೇಕಾಯಿತು. ಕಲ್ಲು ಹೊತ್ತವರ ಕೆಲಸ ಮಾತ್ರ ನಿಂತಿದೆ.

ಸ್ವಾವಲಂಬನೆಯೆಂದರೆ ಹೊರಗಿನದೇನೂ ಬೇಡವೆಂಬ ಹಠವಲ್ಲ. ಅಕ್ಕಿ, ಗೋದಿಗಳು ಅಲ್ಲಿಗೆ ಮುಂದೆಯೂ ಹಡಗಿನಲ್ಲಿಯೇ ಬರುವುವು. ಹಡಗು ತಡವಾದ ದಿನ ಮಕ್ಕಳು ಹಸಿದಿರಬಾರದು, ಅಷ್ಟೇ. ಅದಕ್ಕೆ ನೆಲ, ನೀರು, ದುಡಿವ ಕೈಗಳಷ್ಟೇ ಮುಖ್ಯವಾದುದು ಖಚಿತವಾಗಿ ಕೊಳ್ಳುವ ಅಡಿಗೆಮನೆ. ಆ ಅಡಿಗೆಮನೆಗಳಲ್ಲಿ ಬಾಳು ಸವೆಸುವ ನಮ್ಮವರು, ದಿನದಿನದ ಖರೀದಿಯ ಚೀಟಿಯೂ ಯಾವುದೋ ಊರಿನ ಗದ್ದೆಯ ಹಣೆಬರಹವೆಂಬುದನ್ನು ನೆನೆಯುವುದು ಒಳಿತು.