ಮರಳಿ ಬಂದ ಹೆಬ್ಬೆಟ್ಟು



ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನಾನು ಗದರಿಸುತ್ತಿದ್ದ ಒಂದು ಮಾತು ಇಂದಿಗೂ ನೆನಪಿರಬಹುದು: "ಓದದೆ ಹೋದರೆ ನಾಳೆ ಹೆಬ್ಬೆಟ್ಟು ಒತ್ತಬೇಕಾದೀತು!" ಆ ಕಾಲದ ಉಪಾಧ್ಯಾಯರ ಬಾಯಲ್ಲಿ ಇದು ದಿನಬೆಳಗಾದರೆ ಬರುತ್ತಿದ್ದ ಮಾತು. ಸಹಿ ಎಂದರೆ ಮಾನ, ಹೆಬ್ಬೆಟ್ಟೆಂದರೆ ಅವಮಾನ ಎಂದು ನಾವು ನಂಬಿದ್ದೆವು; ನಿಮ್ಮನ್ನೂ ನಂಬಿಸಿದ್ದೆವು.

ಈಗ ನೋಡಿ. ಬಿ.ಎ., ಬಿ.ಎಡ್. ಮಾಡಿ, ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತನಾದ ನಾನೇ ಹೋದಲ್ಲೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದೇನೆ. ಸಿಮ್ ಕಾರ್ಡು ಕೊಳ್ಳಲು ಒತ್ತಿದ್ದಾಯಿತು, ರೇಷನ್ ಕಾರ್ಡಿಗೆ ಒತ್ತಿದ್ದಾಯಿತು. ಪ್ರತಿ ನವೆಂಬರ್ ತಿಂಗಳಲ್ಲಿ, ನಾನಿನ್ನೂ ಜೀವಂತವಾಗಿದ್ದೇನೆಂದು ರುಜುವಾತುಪಡಿಸುವುದಕ್ಕಾಗಿಯೂ ಒತ್ತುತ್ತೇನೆ. ಎದುರಿಗೆ ನಿಂತು ನಮಸ್ಕಾರ ಹೇಳಿ, ಮೊಮ್ಮಕ್ಕಳ ಕ್ಷೇಮ ವಿಚಾರಿಸಿದರೂ ಸಾಲದು. ಯಂತ್ರದಲ್ಲಿ ಹಸಿರು ದೀಪ ಹತ್ತಿದರೆ ಮಾತ್ರ ಬದುಕಿದ್ದೇನೆಂದು ಲೆಕ್ಕ. ನಾನು ನಿಮಗಿತ್ತ ಶಾಪ ನನಗೇ ತಟ್ಟಿತೆಂದು ಮನೆಯಲ್ಲಿ ನಗುತ್ತಾರೆ. ನಾನೂ ನಗುತ್ತಿದ್ದೆ, ಕಳೆದ ತಿಂಗಳಿನವರೆಗೆ.

ಕಳೆದ ತಿಂಗಳು ನಡೆದುದನ್ನು ಹೇಳುವ ಮೊದಲು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ನಾನು ಊರಿಗಾಂಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಮಕ್ಕಳು ಹಿಂದಿರುಗಿಸಿದ ಅಂಕಪಟ್ಟಿಗಳನ್ನು ನೋಡುತ್ತಾ, ಪೋಷಕರ ಸಹಿ ಇರಬೇಕಾದ ಕಡೆ ನೀಲಿ ಶಾಯಿಯ ಹೆಬ್ಬೆಟ್ಟು ಕಂಡು, ಮೇಲಿನ ಮಾತನ್ನೇ ಎಲ್ಲರೆದುರಿಗೆ ಆಡಿಬಿಟ್ಟೆ. ಆ ಹುಡುಗ ತಲೆ ತಗ್ಗಿಸಿದ. ಮಾರನೆಯ ಸಂಜೆ ಅವನ ತಂದೆಯೇ ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದರು. ಗಣಿಯ ಆಳದಲ್ಲಿ ಬಂಡೆಗೆ ಡ್ರಿಲ್ಲಿಂಗ್ ಮಾಡುತ್ತಿದ್ದ ತಮಿಳು ಮಾತಿನ ಆಳು. ಜಗಳಕ್ಕೆ ಬಂದಿದ್ದಾರೆಂದು ನಾನು ಹೆದರಿದೆ. ಅವರು ಕೇಳಿದ್ದಿಷ್ಟೇ: "ಸಾರ್, ನಂಗೂ ಸೈನ್ ಮಾಡೋದು ಹೇಳ್ಕೊಡ್ತೀರಾ?"

ನನಗೆ ತಮಿಳು ಬರೆಯಲು ಬಾರದು. ಆದ್ದರಿಂದ ಕನ್ನಡದಲ್ಲೇ ಕಲಿಸಿದೆ. ಪಾಳಿ ಮುಗಿಸಿ, ಸ್ನಾನ ಮಾಡಿ, ಮೈಗೆ ಸಾಬೂನಿನ ವಾಸನೆ ಹೊತ್ತು ಬರುತ್ತಿದ್ದರು. ಬಂಡೆ ಕೊರೆಯುವ ಕೈಗೆ ಸೀಸದಕಡ್ಡಿ ಹಿಡಿಯುವುದೇ ಕಷ್ಟವಾಗಿ, ಒತ್ತಿದರೆ ಮುರಿಯುತ್ತಿತ್ತು. ಹದಿನೈದು ದಿನ ಹಿಡಿಯಿತು. ಮುಂದಿನ ಅಂಕಪಟ್ಟಿಯಲ್ಲಿ ವಕ್ರವಕ್ರವಾದ ಐದು ಅಕ್ಷರಗಳ ಸಹಿ ಇತ್ತು. ನನ್ನ ವೃತ್ತಿಜೀವನದಲ್ಲಿ ನೂರಕ್ಕೆ ನೂರು ಫಲಿತಾಂಶ ಬಂದದ್ದುಂಟು. ಆದರೆ ಆ ಸಹಿ ಕೊಟ್ಟ ಸಂತೋಷವನ್ನು ಅದು ಕೊಡಲಿಲ್ಲ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ಹಿರಿಯರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಪತ್ನಿ ತೀರಿಕೊಂಡಿದ್ದಾರೆ. ಮಗ, ಅಂದರೆ ತಲೆ ತಗ್ಗಿಸಿದ ಆ ಹುಡುಗ, ನಮ್ಮೂರಿನ ಸಾವಿರಾರು ಜನರಂತೆ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾನೆ. ಕಳೆದ ತಿಂಗಳು ನ್ಯಾಯಬೆಲೆ ಅಂಗಡಿಯ ಮುಂದೆ ಇವರು ಖಾಲಿ ಚೀಲ ಹಿಡಿದು ನಿಂತಿದ್ದನ್ನು ಕಂಡು ವಿಚಾರಿಸಿದೆ.

"ಬೆರಳು ತಗೊಳ್ಳಲ್ಲ ಅಂತೈತೆ ಸಾರ್ ಮಿಷನ್ನು. ಮೂರು ದಿನದಿಂದ ಬರ್ತಾ ಇದೀನಿ."

ಬಂಡೆ ಕೊರೆದ ಬೆರಳುಗಳಲ್ಲಿ ಗೆರೆಗಳು ಎಲ್ಲಿಂದ ಬರಬೇಕು? ಗಣಿಯಲ್ಲಿ, ಕಲ್ಲುಕ್ವಾರಿಯಲ್ಲಿ, ಇಟ್ಟಿಗೆ ಗೂಡಿನಲ್ಲಿ ದುಡಿದವರ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದಂತೆ ಚರ್ಮ ಒಣಗಿ ಅದು ಇನ್ನಷ್ಟು ಮಸುಕಾಗುತ್ತದೆ. ಬೆರಳಾಗದಿದ್ದರೆ ಮೊಬೈಲಿಗೆ ಒ.ಟಿ.ಪಿ. ಬರುತ್ತದೆ, ನಿಜ. ಆದರೆ ಕಾರ್ಡಿಗೆ ಜೋಡಿಸಿರುವುದು ಮಗನ ನಂಬರು. ಮಗ ರೈಲಿನಲ್ಲಿ ನೂಕುನುಗ್ಗಲಲ್ಲಿ ನಿಂತಿರುತ್ತಾನೆ, ಇಲ್ಲವೇ ಫೋನು ಒಳಗೆ ಒಯ್ಯಬಾರದ ಕಾರ್ಖಾನೆಯಲ್ಲಿರುತ್ತಾನೆ. ಇಲ್ಲಿ ಸಂಖ್ಯೆಯ ಅವಧಿ ಮುಗಿದುಹೋಗುತ್ತದೆ.

ಆಗ ಆ ಹಿರಿಯರು ಅಂಗಡಿಯವರಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿನ್ನೂ ಇದೆ: "ನಾನು ಸೈನ್ ಮಾಡ್ತೀನಪ್ಪಾ. ಈ ಸಾರೇ ಹೇಳ್ಕೊಟ್ಟಿದ್ದು."

ಸ್ನೇಹಿತರೇ, ಈ ಲೇಖನ ತಂತ್ರಜ್ಞಾನದ ವಿರುದ್ಧವೆಂದು ದಯವಿಟ್ಟು ಭಾವಿಸಬೇಡಿ. ನಮ್ಮೂರಿನವರು ಯಂತ್ರಕ್ಕೆ ಹೆದರಿದವರಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದದ್ದು ನಮ್ಮ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮವರು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಯಂತ್ರವನ್ನು ನಂಬಿಯೇ ಇಳಿದರು, ಯಂತ್ರವನ್ನು ನಂಬಿಯೇ ಮೇಲೆ ಬಂದರು.

ಆದರೆ ಇದೇ ಜನ ಒಮ್ಮೆ ಬೆರಳ ಗುರುತು ಕೊಡುವುದಿಲ್ಲವೆಂದು ಎದ್ದು ನಿಂತದ್ದೂ ಉಂಟು. ಗಣಿಯಿಂದ ಮೇಲೆ ಬಂದ ಕಾರ್ಮಿಕನನ್ನು ಚಿನ್ನ ಕದ್ದಿರಬಹುದೆಂದು ತಪಾಸಣೆ ಮಾಡುತ್ತಿದ್ದ ಸಂಗತಿ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹಲವರ ತಾತಂದಿರು ಅದನ್ನು ಅನುಭವಿಸಿದವರು. ಅದು ಸಾಲದೆಂಬಂತೆ ಗಣಿ ಕಂಪನಿಗಳು ಕಾರ್ಮಿಕರ ಬೆರಳ ಗುರುತು ಪಡೆದು ನೋಂದಾಯಿಸುವ ಹೊಸ ಪದ್ಧತಿಯನ್ನು ತಂದಾಗ, 1930ರ ಏಪ್ರಿಲ್ ತಿಂಗಳಲ್ಲಿ ಸಾವಿರಾರು ಕಾರ್ಮಿಕರು ಸುಮಾರು ಮೂರು ವಾರ ಕೆಲಸಕ್ಕೆ ಇಳಿಯಲಿಲ್ಲ. ಕೂಲಿ ಹೋದರೆ ಅಂದಿನ ಊಟವೂ ಹೋಗುವ ಮನೆಗಳವು. ಆದರೂ, "ನಾವು ದುಡಿಯಲು ಬಂದವರು, ಕಳ್ಳರಲ್ಲ" ಎಂಬ ಭಾವ ಅವರಲ್ಲಿ ಅಷ್ಟು ಗಟ್ಟಿಯಾಗಿದ್ದಿರಬೇಕು.

ಸಮಾಜ ಪಾಠದ ಮೇಷ್ಟ್ರಾಗಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಬಾಸ್ಟನ್ ಟೀ ಪಾರ್ಟಿ 1773ರಲ್ಲಿ ನಡೆಯಿತೆಂದು ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ನಮ್ಮ ಶಾಲೆಯ ಕಿಟಕಿಯಿಂದಲೇ ಕಾಣುತ್ತಿದ್ದ ಗಣಿಯಲ್ಲಿ ನಡೆದ ಈ ಮುಷ್ಕರವನ್ನು ಮಾತ್ರ ಒಂದು ದಿನವೂ ಹೇಳಲಿಲ್ಲ. ಪಠ್ಯದಲ್ಲಿಲ್ಲ ಎಂಬುದು ನೆಪವಷ್ಟೆ.

ಪಠ್ಯದಲ್ಲಿದ್ದ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರು ಬೆರಳ ಗುರುತು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾಯಿದೆ ಬಂದಾಗ, ಅದನ್ನು ಒಪ್ಪುವುದಿಲ್ಲವೆಂದು 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಸಭೆಯೊಂದರಲ್ಲಿ ಪ್ರತಿಜ್ಞೆ ಕೈಗೊಂಡರು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಸ್ವಾರಸ್ಯವೆಂದರೆ 1908ರಲ್ಲಿ, ನೋಂದಣಿ ಸ್ವಇಚ್ಛೆಯಿಂದ ನಡೆಯುವುದೆಂಬ ರಾಜಿ ಏರ್ಪಟ್ಟಾಗ, ಗಾಂಧೀಜಿ ತಾವೇ ಬೆರಳ ಗುರುತು ಕೊಟ್ಟರು. ಅದಕ್ಕಾಗಿ ತಮ್ಮವರಲ್ಲೇ ಕೆಲವರಿಂದ ಪೆಟ್ಟನ್ನೂ ತಿಂದರು. ಒಂದೇ ಬೆರಳು, ಒಂದೇ ಶಾಯಿ; ಬಲವಂತದಿಂದ ಕೇಳಿದಾಗ ಕೊಡಲಿಲ್ಲ, ಇಚ್ಛೆಯಿಂದ ಕೊಟ್ಟರು. ನಾನು ಹೇಳಬೇಕೆಂದಿರುವುದು ಇದನ್ನೇ. ದೋಷ ಬೆರಳಿನದಲ್ಲ, ಯಂತ್ರದ್ದೂ ಅಲ್ಲ. "ಆಗದು" ಅಥವಾ "ಒಲ್ಲೆ" ಎನ್ನುವವನಿಗೆ ಇನ್ನೊಂದು ದಾರಿ ಇದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ರೇಷನ್ ಅಂಗಡಿಗೆ ಮಾತ್ರ ಸೇರಿದ್ದಲ್ಲ. ಈಚೆಗೆ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಒಂದು ಜೊತೆ ಚಪ್ಪಲಿ ಕೊಂಡೆ. ಹಣ ಎಣಿಸಿ ಕೊಟ್ಟರೂ ಮೊಬೈಲ್ ನಂಬರು ಬೇಕೆಂದರು. ಚಪ್ಪಲಿ ಹಾಕಿಕೊಳ್ಳುವುದು ಕಾಲಿಗೆ, ನಂಬರೇಕೆ ಎಂದೆ. "ನಂಬರ್ ಇಲ್ಲದೆ ಬಿಲ್ ಆಗಲ್ಲ ಸಾರ್" ಎಂದಳು ಆ ಹುಡುಗಿ. ಹಿಂದೆ ನಿಂತವರು ಗೊಣಗತೊಡಗಿದರು. ಕೊನೆಗೆ ಆಕೆ ಹತ್ತು ಸಲ ಒಂಬತ್ತನ್ನೇ ಒತ್ತಿದಳು. ಬಿಲ್ಲು ಸಲೀಸಾಗಿ ಬಂತು! ಅಂದರೆ ಯಂತ್ರಕ್ಕೆ ಬೇಕಾದದ್ದು ನಾನಲ್ಲ, ಹತ್ತು ಅಂಕಿ. ಗಿರಾಕಿಗಳಿಂದ ಹೀಗೆ ನಂಬರು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ನೆನಪಿಸುತ್ತೇವೆ? "ಹೋಗಲಿ ಬಿಡಿ" ಎಂದು ಕೊಟ್ಟುಬಿಡುತ್ತೇವೆ. ಆಮೇಲೆ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸಾಲ ಬೇಕೇ ಎಂದು ಯಾರೋ ಕರೆ ಮಾಡಿದಾಗ ಬೈದುಕೊಳ್ಳುತ್ತೇವೆ.

"ಹೋಗಲಿ ಬಿಡಿ" ಎನ್ನದ ಒಬ್ಬ ಹಿರಿಯರು ನಮ್ಮ ನಾಡಿನಲ್ಲೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತಾರು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯಿದೆಯನ್ನು ಬಹುಮತದಿಂದ ಎತ್ತಿಹಿಡಿದು, ಸರ್ಕಾರದ ಸವಲತ್ತುಗಳಿಗೆ ಅದನ್ನು ಕೇಳಬಹುದೆಂದಿತು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಕಡ್ಡಾಯವಾಗಿ ಜೋಡಿಸಬೇಕೆಂಬುದನ್ನು ರದ್ದುಮಾಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಎಂಬತ್ತಾರರಲ್ಲಿ ಅವರಿಗಿದ್ದ ಚೈತನ್ಯ ಅರವತ್ತರಲ್ಲಿ ನಮಗಿಲ್ಲವೆಂದು ನಾಚಿಕೆಯಾಗುತ್ತದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಈ ಮಾತೆತ್ತಿದಾಗ ಅವನು ಬಿಡಲಿಲ್ಲ. "ಸಾರ್, ಸುಳ್ಳು ಕಾರ್ಡುಗಳ ಕಾಲ ಮರೆತಿರಾ? ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುತ್ತಿದ್ದರು. ಈಗ ಬಿಹಾರದಿಂದ ಬಂದ ಕೂಲಿಯವನು ಇಲ್ಲೇ ಬೆರಳಿಟ್ಟು ತನ್ನ ಪಾಲಿನ ರೇಷನ್ ಪಡೆಯಬಹುದಲ್ಲವೇ?" ಎಂದ. ಒಪ್ಪಿದೆ. ಶಿಷ್ಯನ ಮಾತು ನಿಜವಾದಾಗ ಒಪ್ಪದವನು ಮೇಷ್ಟ್ರೇ ಅಲ್ಲ. ಸೊಸೈಟಿ ಅಂಗಡಿಯ ಹಳೆಯ ಪುಸ್ತಕಗಳಲ್ಲಿ ಏನೇನು ಬರೆದಿರುತ್ತಿತ್ತೆಂಬುದನ್ನು ನಾನೂ ಬಲ್ಲೆ. ಆದರೆ ಕಳ್ಳನನ್ನು ತಡೆಯಲು ಹಾಕಿದ ಬೀಗ ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸಿದರೆ, ಇನ್ನೊಂದು ಬೀಗದ ಕೈ ಮಾಡಿಸುವುದು ಬೀಗ ಹಾಕಿದವರ ಹೊಣೆಯಲ್ಲವೇ?

ಆ ಇನ್ನೊಂದು ಕೀಲಿ ಕಾಗದದ ಮೇಲಂತೂ ಇದೆ. ಬೆರಳು ಹೊಂದದ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಕೂಡದು, ಅಂಥವರ ವಿವರವನ್ನು ಪ್ರತ್ಯೇಕವಾಗಿ ಬರೆದಿಟ್ಟು ಕೊಡಬೇಕು ಎಂದು ಕೇಂದ್ರದ ಆಹಾರ ಇಲಾಖೆಯು 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಆ ಸುತ್ತೋಲೆಯನ್ನು ಅಚ್ಚು ಹಾಕಿಸಿಕೊಂಡು ಹಿರಿಯರ ಜೊತೆ ನಾಲ್ಕನೆಯ ದಿನ ನಾನೂ ಅಂಗಡಿಗೆ ಹೋದೆ. ಅಂಗಡಿಯವರು ಕೆಟ್ಟವರಲ್ಲ. ಓದಿ ನೋಡಿದರು, ಮೇಲಿನವರಿಗೆ ಫೋನು ಮಾಡಿದರು, ಉತ್ತರ ಸಿಗಲಿಲ್ಲ. ಕೊನೆಗೆ ಯಂತ್ರವನ್ನು ನನ್ನತ್ತ ತಿರುಗಿಸಿ, "ನೀವು ಹೇಳೋದು ಸರಿ ಸಾರ್. ಆದ್ರೆ ಸೈನ್ ಹಾಕೋಕೆ ಇದರಲ್ಲಿ ಜಾಗ ಎಲ್ಲಿದೆ, ನೀವೇ ತೋರಿಸಿ" ಎಂದರು.

ನಾನು ತೋರಿಸಲಾರದೆ ನಿಂತೆ. ಮಗ ಒಂದು ದಿನದ ಸಂಬಳ ಬಿಟ್ಟು ರಜೆ ಹಾಕಿ ಬಂದ ಮೇಲೆ ಅಕ್ಕಿ ಸಿಕ್ಕಿತು. ಮುಂದಿನ ತಿಂಗಳೂ ಇದೇ ಕಥೆ ಇರಬಹುದು.

ನಿಮ್ಮಲ್ಲಿ ಅನೇಕರು ಇಂದು ಇಂಥ ಯಂತ್ರಗಳಿಗೆ ಬುದ್ಧಿ ಬರೆಯುವ ಕೆಲಸದಲ್ಲಿದ್ದೀರಿ. ಕೆಲವರು ಕಚೇರಿಗಳಲ್ಲಿ ಅಧಿಕಾರಿಗಳಾಗಿದ್ದೀರಿ. ಮೇಷ್ಟ್ರ ಕೋರಿಕೆ ಇಷ್ಟೇ: ಯಾವ ಪರದೆಯನ್ನು ರೂಪಿಸಿದರೂ, ಯಾವ ಆದೇಶ ಹೊರಡಿಸಿದರೂ, "ಆಗದಿದ್ದರೆ?" ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿ. ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕ, ಒಂದು ಪೆನ್ನು ಇರಲಿ. ಉಳಿದವರು ನಂಬರು ಕೇಳಿದಾಗ "ಯಾಕೆ?" ಎಂದು ಒಂದು ಸಲವಾದರೂ ಕೇಳಿ. ತರಗತಿಯಲ್ಲಿ ನೀವು ಪ್ರಶ್ನೆ ಕೇಳಿದಾಗ ಕೂರಿಸಿದ್ದೆನಾದರೆ ಅದಕ್ಕೆ ಕ್ಷಮೆ ಇರಲಿ.

ನಲವತ್ತು ವರ್ಷದ ಹಿಂದೆ ಒಬ್ಬ ದುಡಿಮೆಗಾರರಿಗೆ, ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದರೆ ಲೋಕ ನಿಮ್ಮನ್ನು ಮಾನ್ಯ ಮಾಡುತ್ತದೆ ಎಂದು ನಾನು ಮಾತು ಕೊಟ್ಟಿದ್ದೆ. ಅವರು ತಮ್ಮ ಪಾಲಿನ ಕೆಲಸವನ್ನು ಮಾಡಿದರು. ನನ್ನ ಮಾತು ಇನ್ನೂ ಬಾಕಿ ಇದೆ. ಬರುವ ತಿಂಗಳೂ ಆ ಸುತ್ತೋಲೆ ಹಿಡಿದು ಅವರ ಜೊತೆ ಹೋಗುತ್ತೇನೆ. ಈ ಸಲ ಒಂದು ಪೆನ್ನನ್ನೂ ಜೇಬಿನಲ್ಲಿಟ್ಟುಕೊಂಡು.